ಗೀರು ಬಿದ್ದ ಗಿಟಾರಿನ ಧಣಿಗಳಿಗೆ

ಚಂದ್ರವಳ್ಳಿ ಕೆರೆ ದಂಡೆಯಲ್ಲಿ ಸಂಜೆ ಹೊತ್ತು ಗಿಟಾರ್ ನುಡಿಸುವ ಮಹನೀಯರಿಗೆ, ಅದೇ ದಂಡೆಯ ಮೇಲೆ ಡಾಕ್ಟರ ಮಾತಿಗೆ ಕಟ್ಟುಬಿದ್ದು ನಡೆದಾಡುವವನೊಬ್ಬನ ನಮಸ್ಕಾರಗಳು.

ತಾವು ಯಾರೆಂದು ನನಗೆ ಗೊತ್ತು. ಪರಿಚಯ ಮಾಡಿಸಿದ್ದು ಬಂಡೆ. ಗುಹೆಗಳ ಕಡೆ ಹೋಗುವ ದಾರಿಯಲ್ಲಿ ಎದೆಮಟ್ಟಕ್ಕಿರುವ ಒಂದು ಗುಂಡಿನ ಮೇಲೆ ತಮ್ಮ ಹೆಸರು, ಪಕ್ಕದಲ್ಲಿ ಬಾಣ ನಾಟಿದ ಹೃದಯ, ಅದರಾಚೆ ಇನ್ನೊಂದು ಹೆಸರಿನ ಮೊದಲಕ್ಷರ, ಕೆಳಗೆ ಪುಟ್ಟದೊಂದು ಗಿಟಾರಿನ ಚಿತ್ರ, ಎಲ್ಲವೂ ಅಚ್ಚುಕಟ್ಟಾಗಿವೆ. ಆ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ತಾವೇ ಅಷ್ಟು ದಪ್ಪಕ್ಷರದಲ್ಲಿ ಪ್ರಕಟಿಸಿರುವಾಗ ನಾನು ಮತ್ತೆ ಹೇಳಿದರೆ ಪುನರುಕ್ತಿ ದೋಷ ಬಂದೀತು.

ಆದರೆ ಈ ಪತ್ರಕ್ಕೆ ಕಾರಣ ಬಂಡೆಯಲ್ಲ, ತಮ್ಮ ಸಂಕಟ. ಈಚೆಗೆ ತಾವು ಹಾಡುವುದು ಕಡಿಮೆಯಾಗಿ ಕೊರಗುವುದು ಹೆಚ್ಚಾಗಿದೆ. ಗಿಟಾರನ್ನು ಸೂರ್ಯನ ಕಡೆ ಓರೆಯಾಗಿ ಹಿಡಿಯುತ್ತೀರಿ, ಒಂದು ಕಣ್ಣು ಮುಚ್ಚುತ್ತೀರಿ, ‘ಇಲ್ಲಿ ನೋಡ್ರೋ, ಇಲ್ಲಿ’ ಎಂದು ಗೆಳೆಯರನ್ನು ಕರೆಯುತ್ತೀರಿ. ಬಾಗಿ ನೋಡಿದವರಿಗೆ ಮಿರಿಮಿರಿ ಕಪ್ಪು ಪ್ಲಾಸ್ಟಿಕ್ ತಗಡಿನ ಮೇಲೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಯಾರೋ ಬೆರಳಿನ ಉಂಗುರ ತೆಗೆಯದೆ ನುಡಿಸಿದರಂತೆ. ಆ ಪಾಪಿಯನ್ನು ತಾವು ಬೈದ ಮಾತುಗಳು ಕೆರೆಯ ಆಚೆ ದಡಕ್ಕೂ ಕೇಳಿದವು. ‘ಒಂದು ವಸ್ತುವಿನ ಬೆಲೆ ಗೊತ್ತಿಲ್ಲದವನು, ಮುಟ್ಟಬಾರದ್ದನ್ನು ಮುಟ್ಟಿ ಹಾಳು ಮಾಡಿದ’ ಎಂದಿರಿ. ನಾನು ತಲೆದೂಗಿದೆ. ನನ್ನ ಹಿಂದಿದ್ದ ಬಂಡೆಯೂ ತಲೆದೂಗಿರಬೇಕು, ಅದಕ್ಕೆ ತಲೆಯಿದ್ದಿದ್ದರೆ.

ಗೆಳೆಯರ ಮದ್ದುಗಳೂ ಕಿವಿಗೆ ಬಿದ್ದವು. ಒಬ್ಬ ಕೊಬ್ಬರಿ ಎಣ್ಣೆ ಎಂದ, ಒಬ್ಬ ಪಾತ್ರೆ ತಿಕ್ಕುವ ಪುಡಿ ಎಂದ, ಮೂರನೆಯವನು ಉಗುರುಬಣ್ಣ ತೆಗೆಯುವ ದ್ರಾವಣ ಎಂದ. ಈ ಮೂರನೆಯವನ ಮಾತು ಕೇಳಿದ ಮೇಲೆ ಸುಮ್ಮನಿರುವುದು ಪಾಪವೆನ್ನಿಸಿತು. ನಾನು ಐಟಿಐಯಲ್ಲಿ ಹುಡುಗರಿಗೆ ಫಿಟ್ಟಿಂಗ್ ಕಲಿಸಿ ನಿವೃತ್ತನಾದವನು. ಅರ ಹಾಕುವುದು, ಉಜ್ಜುವುದು, ಮಟ್ಟ ನೋಡುವುದು, ಇವು ಬಿಟ್ಟರೆ ಬೇರೆ ವಿದ್ಯೆ ನನಗೆ ಬಾರದು. ಸಂಗೀತವಂತೂ ಬಾರದು. ಆದ್ದರಿಂದ ತಮ್ಮ ನುಡಿಸಾಣಿಕೆಯ ಬಗ್ಗೆ ಏನನ್ನೂ ಹೇಳದೆ ಗೀರಿನ ವಿಚಾರಕ್ಕೇ ಬರುತ್ತೇನೆ.

ಪತ್ರ ಓದುವ ಉಳಿದವರಿಗಾಗಿ ಒಂದು ಮಾತು. ಗಿಟಾರಿನ ಹೊಟ್ಟೆಯ ಮೇಲೆ, ದುಂಡು ತೂತಿನ ಪಕ್ಕಕ್ಕೆ, ಕಣ್ಣೀರ ಹನಿಯ ಆಕಾರದಲ್ಲಿ ಅಂಟಿಸಿರುವ ಪ್ಲಾಸ್ಟಿಕ್ಕಿಗೆ ಪಿಕ್‌ಗಾರ್ಡ್ ಎನ್ನುತ್ತಾರೆ. ಗಿಟಾರಿನ ಮೇಲ್ಮೈಗೆ ಬಳಸುವ ಸ್ಪ್ರೂಸ್‌ನಂಥ ಮರ ಮೆತ್ತನೆಯದು. ತಂತಿ ಮೀಟುವ ಪಿಕ್ಕಿನ ಮೊನೆ ಪ್ರತಿ ಹೊಡೆತಕ್ಕೂ ಕೆಳಗೆ ಜಾರಿ ಮರವನ್ನು ಕೆರೆಯುತ್ತದೆ. ಆ ಕೆರೆತವನ್ನು ತಾನು ತಿಂದು ಮರವನ್ನು ಉಳಿಸುವುದೇ ಈ ಪ್ಲಾಸ್ಟಿಕ್ಕಿನ ಉದ್ಯೋಗ. ಹಳೆಯ ಕಾಲದಲ್ಲಿ ಇದನ್ನು ಸೆಲ್ಯುಲಾಯ್ಡ್‌ನಲ್ಲಿ, ಎಂದರೆ ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಹದಮಾಡಿ ಕರ್ಪೂರ ಬೆರೆಸಿದ ವಸ್ತುವಿನಲ್ಲಿ, ಆಮೆಚಿಪ್ಪಿನ ಬಣ್ಣ ಬರಿಸಿ ಮಾಡುತ್ತಿದ್ದರು. ಬೆಂಕಿ ಕಂಡರೆ ಭಗ್ಗೆನ್ನುವ ಪದಾರ್ಥ. ವರ್ಷಗಳು ಕಳೆದಂತೆ ಕುಗ್ಗುವ ಗುಣ ಬೇರೆ. ಬರಿಯ ಮರಕ್ಕೆ ಅಂಟಿಸಿದ್ದ ಎಷ್ಟೋ ಹಳೆಯ ಗಿಟಾರುಗಳಲ್ಲಿ ಕುಗ್ಗುತ್ತಾ ಕುಗ್ಗುತ್ತಾ ಮರವನ್ನೇ ಸೀಳಿಬಿಟ್ಟಿದೆ. ಈಗಿನವು ಹೆಚ್ಚಾಗಿ ಪಿವಿಸಿ.

ಪಿಕ್‌ಗಾರ್ಡ್ ಇಲ್ಲದಿದ್ದರೆ ಏನಾಗುತ್ತದೆಂದು ನೋಡಬೇಕಾದರೆ ಅಮೆರಿಕದ ವಿಲ್ಲಿ ನೆಲ್ಸನ್ ಎಂಬ ಹಾಡುಗಾರನ ಗಿಟಾರ್ ನೋಡಬೇಕು. ಮಾರ್ಟಿನ್ ಕಂಪನಿಯ ನೈಲಾನ್ ತಂತಿಯ ವಾದ್ಯ, ಬೆರಳಲ್ಲಿ ನುಡಿಸಲೆಂದು ಮಾಡಿದ್ದು, ಹಾಗಾಗಿ ಪಿಕ್‌ಗಾರ್ಡ್ ಇಲ್ಲ. ಈತ ಪಿಕ್ ಹಿಡಿದು ದಶಕಗಟ್ಟಲೆ ನುಡಿಸಿದ. ಮರ ಸವೆದು ತೂತೇ ಬಿತ್ತು. ಟ್ರಿಗರ್ ಎಂದು ಅದಕ್ಕೆ ಹೆಸರಿಟ್ಟಿದ್ದಾನೆ, ಇವತ್ತಿಗೂ ಬಿಟ್ಟಿಲ್ಲ. ಈ ಟ್ರಿಗರ್ ವಿಷಯಕ್ಕೆ ಆಮೇಲೆ ಬರುತ್ತೇನೆ, ತಮಗೆ ಉಪಯೋಗವಿದೆ.

ಈಗ ಚಿಕಿತ್ಸೆ. ಮೊದಲು ಗೆಳೆಯರ ಮದ್ದುಗಳನ್ನು ಪಕ್ಕಕ್ಕಿಡಿ. ಕೊಬ್ಬರಿ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಬೆಳಕು ಚದುರದಂತೆ ಮಾಡುತ್ತದೆ, ಗೀರು ಮಾಯವಾದಂತೆ ಕಾಣುತ್ತದೆ; ಒರೆಸಿದೊಡನೆ ಮತ್ತೆ ಹಾಜರ್. ಪಾತ್ರೆ ಪುಡಿ, ಕಬ್ಬಿಣದ ನಾರು, ಬೂದಿ, ಇವುಗಳ ಕಣ ಒರಟು. ಒಂದು ಗೀರು ತೆಗೆಯಲು ಹೋಗಿ ನೂರು ಗೀರು ಹಾಕಿಕೊಳ್ಳುತ್ತೀರಿ. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಸೆಲ್ಯುಲಾಯ್ಡ್ ಅದರಲ್ಲಿ ಕರಗುತ್ತದೆ, ಎಬಿಎಸ್ ಎಂಬ ಪ್ಲಾಸ್ಟಿಕ್ಕೂ ಕರಗುತ್ತದೆ, ಪಿವಿಸಿ ಊದಿಕೊಂಡು ಮಂಕಾಗುತ್ತದೆ, ಸುತ್ತಲಿನ ಮರದ ಮೆರುಗೂ ಕಿತ್ತುಬರುವ ಸಂಭವ. ಆ ಮೂರನೆಯ ಗೆಳೆಯನಿಗೆ ತಮ್ಮ ಮೇಲೆ ಏನಾದರೂ ಹಳೆಯ ಸಿಟ್ಟಿದೆಯೇ ವಿಚಾರಿಸಿ.

ಉಗುರಿನ ಪರೀಕ್ಷೆ ಮಾಡಿ. ಗೀರಿಗೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆದಾಗ ತಡೆದು ನಿಂತರೆ ಗೀರು ಆಳ, ಸರಾಗ ಜಾರಿದರೆ ಮೇಲುಮೇಲಿನದು. ತಮ್ಮದು ಜಾರುವ ಜಾತಿ ಎಂದೇ ನನ್ನ ಊಹೆ. ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ. ತೂತಿಗೆ ಬಟ್ಟೆ ತುರುಕಿ. ಪಿಕ್‌ಗಾರ್ಡಿನ ಸುತ್ತ ಮರದ ಮೇಲೆ ಪೇಂಟರುಗಳು ಬಳಸುವ ಕಾಗದದ ಟೇಪು ಅಂಟಿಸಿ. ಒಂದು ಹನಿ ಪಾತ್ರೆಯ ದ್ರವ ಸೋಪು ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ, ಗಟ್ಟಿ ಹಿಂಡಿ ಒರೆಸಿ. ಇದನ್ನು ಬಿಟ್ಟುಬಿಡಬೇಡಿ, ಮೇಲೆ ಕೂತ ಧೂಳಿನೊಂದು ಕಣ ಬಟ್ಟೆಗೆ ಸಿಕ್ಕಿತೆಂದರೆ ತಾವು ಉಜ್ಜಿದಷ್ಟೂ ಅದು ಉಳುತ್ತದೆ. ಆಮೇಲೆ ಪ್ಲಾಸ್ಟಿಕ್ ಪಾಲಿಶ್. ಅದು ಚಿತ್ರದುರ್ಗದಲ್ಲಿ ಸಿಗದಿದ್ದರೆ ಹೆದ್ದಾರಿ ಬದಿಯ ಯಾವ ಪೇಂಟಿಂಗ್ ಗ್ಯಾರೇಜಿಗಾದರೂ ಹೋಗಿ, ಲಾರಿ ಕಾರುಗಳಿಗೆ ಹಚ್ಚುವ ಅತಿ ನಯವಾದ ಕಾಂಪೌಂಡನ್ನು ಬೆರಳ ತುದಿಯಷ್ಟು ಕೇಳಿ, ಕೊಡುತ್ತಾರೆ. ಅದೂ ಬೇಡವೆಂದರೆ ಬಿಳಿ ಟೂತ್‌ಪೇಸ್ಟ್. ಅದರಲ್ಲಿರುವ ಸುಣ್ಣಕಲ್ಲಿನ ಅಥವಾ ಸಿಲಿಕಾದ ನಯ ಕಣಗಳೇ ಸಾಕು. ಪಾರದರ್ಶಕ ಜೆಲ್ ಆಗುವುದಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ಪುಟ್ಟ ಪುಟ್ಟ ಸುತ್ತುಗಳಲ್ಲಿ, ಕೈಯಲ್ಲೇ, ಅವಸರವಿಲ್ಲದೆ ಉಜ್ಜಿ. ಡ್ರಿಲ್ಲಿಗೆ ಪ್ಯಾಡು ಸಿಕ್ಕಿಸಿ ಓಡಿಸುವ ಉತ್ಸಾಹ ತೋರಿಸಿದಿರೋ, ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಬಳಿದುಕೊಳ್ಳುತ್ತದೆ.

ಗೀರು ಉಗುರಿಗೆ ತಡೆಯುವಂಥದ್ದಾದರೆ ವಾಟರ್ ಪೇಪರ್ ಬೇಕು. 1500ರಿಂದ ಶುರುಮಾಡಿ 2000, 3000 ಎಂದು ಏರಬೇಕು, ಪ್ರತಿ ಸಲವೂ ನೀರು ಮುಟ್ಟಿಸಿಕೊಂಡು, ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ. ಹೊಳಪೆಲ್ಲ ಹೋಗಿ ಬೂದುಬಣ್ಣವಾಗುತ್ತದೆ. ಎದೆಗುಂದಬೇಡಿ, ಕಾಂಪೌಂಡು ಹಚ್ಚಿದಾಗ ಮರಳುತ್ತದೆ. ಅದೇ ಕಾರಣಕ್ಕೆ ಹೊಳಪಿಲ್ಲದ ಮ್ಯಾಟ್ ಪಿಕ್‌ಗಾರ್ಡಿಗೆ ಈ ಚಿಕಿತ್ಸೆ ಕೂಡದು, ಉಜ್ಜಿದ ಜಾಗ ಮಾತ್ರ ಮಿಂಚಿ ಎದ್ದು ಕಾಣುತ್ತದೆ. ಎಲೆಕ್ಟ್ರಿಕ್ ಗಿಟಾರಿನವರಿಗೆ ಇನ್ನೊಂದು ತಾಪತ್ರಯವುಂಟು: ಒಣಬಟ್ಟೆಯಲ್ಲಿ ತಿಕ್ಕಿದ ಪ್ಲಾಸ್ಟಿಕ್ಕಿಗೆ ಸ್ಥಾಯೀ ವಿದ್ಯುತ್ ಹತ್ತಿ ಸ್ಪೀಕರಿನಲ್ಲಿ ಚಟಪಟ ಸದ್ದು ಬರುತ್ತದೆ. ಒದ್ದೆಬಟ್ಟೆಯಲ್ಲಿ ಒಮ್ಮೆ ಸವರಿದರೆ ಇಳಿಯುತ್ತದೆ.

ಇಷ್ಟು ಮಾಡಿದರೆ ತಮ್ಮ ಗೀರು ಹೋಗುತ್ತದೆ. ಆದರೆ ಹೋಗುವುದು ಹೇಗೆಂದು ತಾವು ತಿಳಿದಿರಬೇಕು, ಯಾಕೆಂದರೆ ಐಟಿಐಯಲ್ಲಿ ಕಾರಣ ಹೇಳದೆ ಅರ ಕೈಗೆ ಕೊಟ್ಟ ಮೇಷ್ಟ್ರಲ್ಲ ನಾನು. ಗೀರು ಒಂದು ವಸ್ತುವಲ್ಲ. ಅಲ್ಲಿ ಇದ್ದ ಪ್ಲಾಸ್ಟಿಕ್ ಈಗ ಇಲ್ಲ, ಅಷ್ಟೆ. ಇಲ್ಲದ್ದನ್ನು ಕೀಳುವುದು ಎಲ್ಲಿಂದ? ಆದ್ದರಿಂದ ಮಾಡುವ ಕೆಲಸ ಇಷ್ಟೇ: ಗೀರಿನ ಸುತ್ತ ಸರಿಯಾಗಿಯೇ ಇರುವ ಪ್ಲಾಸ್ಟಿಕ್ಕನ್ನೆಲ್ಲ ಸವೆಸಿ ಗೀರಿನ ತಳದ ಮಟ್ಟಕ್ಕೆ ಇಳಿಸುವುದು. ಗೀರಿನ ಅಂಚಿಗೆ ಬಡಿದು ಚದುರುತ್ತಿದ್ದ ಬೆಳಕು ಆಗ ನೆಟ್ಟಗೆ ಹಿಂತಿರುಗುತ್ತದೆ, ಕಣ್ಣು ‘ಹೋಯಿತು’ ಎನ್ನುತ್ತದೆ. ಪದರ ಪದರದ ಪಿಕ್‌ಗಾರ್ಡು ಸುಮಾರು 2.3 ಮಿಲಿಮೀಟರ್ ದಪ್ಪವಿರುತ್ತದೆ. ತಮ್ಮದು ಅಂಟಿಸುವ ಜಾತಿ, ಅದಕ್ಕಿಂತ ತೆಳು. ಮೇಲುಗೀರಾದರೆ ಕಳೆದುಕೊಳ್ಳುವುದು ಒಂದು ಕಾಗದದ ದಪ್ಪವೂ ಅಲ್ಲ. ಖರ್ಚು ಮಾಡಲು ತಮ್ಮ ಹತ್ತಿರ ದಪ್ಪ ಇದೆ, ಮಾಡಿ. ಮುಗಿದೇ ಹೋದರೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ, ಹೇರ್ ಡ್ರೈಯರಿನ ಬಿಸಿಗಾಳಿ ತೋರಿಸಿ ಹಳೆಯದನ್ನು ಎಬ್ಬಿಸಿ ಹೊಸದನ್ನು ಅಂಟಿಸಬಹುದು.

ಇದೇ ಲೆಕ್ಕವನ್ನು ತಮ್ಮ ಬಂಡೆಗೆ ಹಾಕಿ ನೋಡಿದೆ. ತಮ್ಮ ಬಂಡೆ ಎಂದದ್ದಕ್ಕೆ ಕ್ಷಮಿಸಿ. ಹೆಸರು ತಮ್ಮದೇ ಇರುವುದರಿಂದ ಖಾತೆಯೂ ಆಗಿರಬಹುದೆಂದುಕೊಂಡೆ.

ಮೊದಲ ಸಂದೇಹ ನನ್ನದು ಫಿಟ್ಟರನ ಸಂದೇಹ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಗಡಸುತನದ ಮಾಪನದಲ್ಲಿ 6, ಬೆಣಚು 7. ಸಾಮಾನ್ಯ ಕಬ್ಬಿಣದ ಮೊಳೆ ಅದಕ್ಕಿಂತ ಕೆಳಗೆ. ಹಾಗಾದರೆ ತಾವು ಕೊರೆದದ್ದು ಹೇಗೆ? ಹತ್ತಿರ ಹೋಗಿ ನೋಡಿದೆ. ಹೃದಯದ ಗೆರೆಗಳಲ್ಲಿ ಸೋತಿರುವುದು ಕಲ್ಲಿಗಿಂತ ಹೆಚ್ಚಾಗಿ ಅದರ ಮೇಲಿನ ಕಲ್ಲುಹೂವು ಮತ್ತು ಬಿಸಿಲುಮಳೆಗೆ ಮಾಗಿದ ಕಂದು ಮೇಲ್ಪದರ. ಈ ಕಲ್ಲುಹೂವು ವರ್ಷಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಬೆಳೆಯುವ ಜೀವಿ. ಹೆಸರಿಗೆ ಮಾತ್ರ ಚಾಣ ಬಳಸಿದ್ದೀರಿ, ಏಟಿನ ಗುರುತಿದೆ. ಪ್ರೇಮ ಮೇಲುಮೇಲೆ, ಹೆಸರು ಆಳಕ್ಕೆ, ಆದ್ಯತೆ ಸ್ಪಷ್ಟವಾಗಿದೆ.

ಈಗ ಅದನ್ನು ಅಳಿಸುವುದಾದರೆ? ನಿಯಮ ಒಂದೇ. ಅಕ್ಷರದ ತಳದವರೆಗೆ ಇಡೀ ಬಂಡೆಯ ಮೈಯನ್ನು ಇಳಿಸಬೇಕು. ಬರೀ ಬಣ್ಣ ಬಳಿದಿದ್ದರೆ ರಾಸಾಯನಿಕ ಲೇಪ ಹಚ್ಚಿ, ಹೀರಿಸಿ, ಒದ್ದಾಡಿ ತೆಗೆಯುವವರಿದ್ದಾರೆ. ಕೊರೆದದ್ದಕ್ಕೆ ಪಾಲಿಶ್ ಇಲ್ಲ. ಬಂಡೆಯ ಮೈ ಇಳಿಸಬಹುದಲ್ಲ, ಗ್ರಾನೈಟ್ ಫ್ಯಾಕ್ಟರಿಯವರು ದಿನಾ ಮಾಡುತ್ತಾರಲ್ಲ ಎನ್ನುತ್ತೀರೇನೋ. ಮಾಡಬಹುದಿತ್ತು, ಆದರೆ ಇಲ್ಲಿ ಬಂಡೆಯ ಮೈಯೇ ಓದಬೇಕಾದ ಪುಟ; ಇದೇ ಪರಿಸರದಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ, ತಮಗಿಂತ ಮುಂಚೆ ಒಬ್ಬರು ಗೀರಿದ್ದಾರೆ.

ಹೆಸರು ಮಯೂರಶರ್ಮ. ಕದಂಬ ವಂಶದ ಮೂಲಪುರುಷ, ನಾಲ್ಕನೆಯ ಶತಮಾನದವನು. ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ತಾಳಗುಂದದ ಕಂಬದ ಮೇಲಿದೆ. ರಾಜ್ಯ ಕಟ್ಟಿದವನು ಚಂದ್ರವಳ್ಳಿಯಲ್ಲಿ ಬರೆಸಿದ್ದು ಎಷ್ಟು? ಮೂರು ಸಾಲು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ವಿಷಯ, ಕೆರೆ ಕಟ್ಟಿಸಿದ್ದು. ಬಿ.ಎಲ್. ರೈಸ್ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೇ ಸಂಪುಟದಲ್ಲಿ ತಂದಾಗ ಈ ಮೂರು ಸಾಲು ಲೋಕಕ್ಕೆ ಗೊತ್ತಿರಲಿಲ್ಲ, ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು 1929ರಲ್ಲಿ. ಅಕ್ಷರಗಳು ಎಷ್ಟು ಮಸುಕೆಂದರೆ ಆತ ಯಾರ್ಯಾರನ್ನು ಗೆದ್ದ ಎಂಬ ಪಟ್ಟಿಯನ್ನು ಕೃಷ್ಣ ಒಂದು ರೀತಿ ಓದಿದರು, ಆಮೇಲಿನ ವಿದ್ವಾಂಸರು ಒಪ್ಪಲಿಲ್ಲ. ಒಂದು ಗೆರೆ ಅಕ್ಷರದ ಭಾಗವೋ ಕಲ್ಲಿನ ಬಿರುಕೋ ಎಂಬುದರ ಮೇಲೆ ಒಂದು ರಾಜ್ಯ ಇರುತ್ತದೆ ಅಥವಾ ಹೋಗುತ್ತದೆ.

ಆ ಗೆರೆಗಳನ್ನು ಅವರು ನೋಡುವ ಕ್ರಮವೇನು ಗೊತ್ತೇ? ತಾವು ಪಿಕ್‌ಗಾರ್ಡ್ ನೋಡುವ ಕ್ರಮವೇ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾದು, ತಗ್ಗಿನಲ್ಲಿ ನಿಂತ ನೆರಳನ್ನು ಹಿಡಿಯುತ್ತಾರೆ. ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಮಸಿ ಸವರಿ ಅಚ್ಚು ತೆಗೆಯುತ್ತಾರೆ. ಹೊಸ ಗೀರು ಬಿದ್ದ ಬಂಡೆಯಲ್ಲಿ ಹೊಸ ಗೀರೂ ಅಚ್ಚಿಗೆ ಬರುತ್ತದೆ. ಮುಂದೊಂದು ದಿನ ಯಾರಾದರೂ ಚಂದ್ರವಳ್ಳಿಯ ಬಂಡೆಗಳನ್ನೆಲ್ಲ ಓದಲು ಹೊರಟರೆ ತಮ್ಮ ಹೃದಯವನ್ನು ಯಾವ ವಂಶದ ಲಾಂಛನವೆಂದು ತೀರ್ಮಾನಿಸುತ್ತಾರೋ ಎಂಬ ಕುತೂಹಲ ನನಗಿದೆ. ಬಾಣವಿರುವುದರಿಂದ ಬೇಡರ ಪಾಳೆಯಗಾರರಿಗೆ ಗಂಟುಹಾಕುವ ಸಂಭವ ಹೆಚ್ಚು.

ಇಲ್ಲಿ ನೆಲ ಅಗೆದವರು ಬರಿಗೈಯಲ್ಲಿ ಹೋಗಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯನ್ನೂ ಅಗೆಸಿದಾಗ ಶಾತವಾಹನರ ಕಾಲದ ಪದರದಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಈಗ ಅದೇ ನೆಲದ ಮೇಲ್ಪದರದಲ್ಲಿ ಸಿಗುವುದು ಕುರುಕಲು ತಿಂಡಿಯ ಪೊಟ್ಟಣ. ಅದೂ ಪ್ಲಾಸ್ಟಿಕ್ಕೇ, ಆದರೆ ಅದರ ಮೇಲೆ ಗೀರು ಬಿದ್ದರೆ ಯಾರೂ ಅಳುವುದಿಲ್ಲ.

‘ಅಶೋಕನ ಕಾಲದಿಂದಲೂ ಜನ ಕಲ್ಲಿನ ಮೇಲೆ ಹೆಸರು ಬರೆದಿಲ್ಲವೇ’ ಎಂದು ತಾವು ಕೇಳಬಹುದು. ಬರೆದಿದ್ದಾರೆ, ಅದೂ ನಮ್ಮ ಜಿಲ್ಲೆಯಲ್ಲೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ರುಜು ಹಾಕಿದ್ದಾನೆ. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಓಡುವ ವಾಯವ್ಯ ಸೀಮೆಯ ಲಿಪಿಯಲ್ಲಿ, ಗೀಚಿದ್ದಾನೆ. ಈ ಸೀಮೆಯಲ್ಲಿ ಯಾರಿಗೂ ಓದಲು ಬಾರದ ಲಿಪಿ! ಜಂಬ ಎಂದರೆ ಅದು. ತಮ್ಮ ಪರವಾಗಿ ವಾದಿಸುವ ವಕೀಲ ಇವನೊಬ್ಬನೇ ಸಿಕ್ಕಾನು. ತೊಂದರೆ ಏನೆಂದರೆ ಅವನು ಮೇಲೆ ಇಡೀ ರಾಜಾಜ್ಞೆ ಬರೆದು ಮುಗಿಸಿ, ಕೊನೆಗೆ ಜಾಗ ಮಾಡಿಕೊಂಡು ಹೆಸರು ಹಾಕಿದ. ಮಯೂರಶರ್ಮ ಕೆರೆ ಕಟ್ಟಿಸಿ ಹೆಸರು ಹಾಕಿದ. ತಾವು ನೇರವಾಗಿ ಹೆಸರಿಗೇ ಬಂದಿದ್ದೀರಿ. ಆಗಿದ್ದಾಯಿತು, ಕೆಲಸವನ್ನು ಹಿಂದಿನಿಂದಲಾದರೂ ಮುಗಿಸಬಹುದು: ಕೆರೆ ಕಟ್ಟಿಸುವುದು ಬೇಡ, ಇರುವ ಕೆರೆಯ ದಂಡೆಯ ಪೊಟ್ಟಣಗಳನ್ನು ಒಂದು ಚೀಲಕ್ಕೆ ತುಂಬಿದರೆ ಮೂರಕ್ಷರದ ಹೆಸರಿಗೆ ಸರಿಹೋದೀತು.

ತಪ್ಪೆಲ್ಲ ತಮ್ಮದೂ ಅಲ್ಲ. 1972ರಲ್ಲಿ ಪುಟ್ಟಣ್ಣನವರ ‘ನಾಗರಹಾವು’ ಸಿನಿಮಾ ಬಂದಾಗಿನಿಂದ ಈ ಊರಿನ ಬಂಡೆಗೂ ಪ್ರೇಮಕ್ಕೂ ನಂಟು ಬೆಳೆದುಬಿಟ್ಟಿದೆ. ಸಿಟ್ಟು ಬಂದ ಹುಡುಗರೂ ಪ್ರೀತಿ ಬಂದ ಹುಡುಗರೂ ಕಲ್ಲು ಹತ್ತುವುದು ನಮ್ಮಲ್ಲಿ ಶಿಷ್ಟಾಚಾರ. ಆದರೆ ಮುಂದಿನ ಪ್ರೇಮಕ್ಕೆ ಕೋಟೆಯ ಕಡೆ ಹೋಗುವ ಯೋಚನೆಯಿದ್ದರೆ ಒಂದು ಮಾಹಿತಿ. ಅದು ಕೇಂದ್ರ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಅಂಥ ಕಡೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪುರಾವೆಗೆ ಪೊಲೀಸರು ಬೇರೆ ಕಡೆ ಹುಡುಕಬೇಕಿಲ್ಲ; ಆರೋಪಿಯ ಹೆಸರು ಸ್ಥಳದಲ್ಲೇ ಇರುತ್ತದೆ.

ಟೀಕೆ ಸುಲಭ, ಪರಿಹಾರ ಕೊಡಬೇಕು. ನನ್ನದು ಹೀಗಿದೆ. ಟ್ರಿಗರ್ ವಿಷಯಕ್ಕೆ ಆಮೇಲೆ ಬರುತ್ತೇನೆಂದಿದ್ದೆನಲ್ಲ. ಆ ಗಿಟಾರಿನ ಮೈತುಂಬ ಹಸ್ತಾಕ್ಷರಗಳಿವೆ. ಲಿಯಾನ್ ರಸೆಲ್‌ನಂಥ ಸಂಗೀತಗಾರರು, ಗೆಳೆಯರು, ಬಂದವರು ಹೋದವರು ಅದರ ಮೇಲೆ ಹೆಸರು ಹಾಕಿದ್ದಾರೆ. ಗಿಟಾರಿನ ಮಾನ ಹೋಗಲಿಲ್ಲ, ಹೆಚ್ಚಿತು. ಇನ್ನೂ ಕೇಳಿ: ಫೆಂಡರ್ ಕಂಪನಿ 1995ರಿಂದ ಹೊಚ್ಚಹೊಸ ಗಿಟಾರುಗಳಿಗೆ ಕಾರ್ಖಾನೆಯಲ್ಲೇ ಗೀರು ಹಾಕಿ, ಬಣ್ಣ ಸವೆಸಿ, ಲೋಹಕ್ಕೆ ತುಕ್ಕು ಹತ್ತಿಸಿ, ಹಳೆಯದರ ವೇಷ ತೊಡಿಸಿ ದುಬಾರಿ ಬೆಲೆಗೆ ಮಾರುತ್ತಿದೆ. ದುಡ್ಡಿದ್ದವರು ಗೀರಿಗೆ ಕಾಸು ಕೊಡುತ್ತಾರೆ. ತಮಗೆ ಅದು ಪುಕ್ಕಟೆ ಸಿಕ್ಕಿದೆ, ಉಂಗುರದ ಕೃಪೆಯಿಂದ.

ಆದ್ದರಿಂದ ಆ ಚಾಣವನ್ನು, ಅಷ್ಟು ದೊಡ್ಡದು ಬೇಡವೆಂದರೆ ಒಂದು ಸೂಜಿಯನ್ನು, ತಮ್ಮ ಪಿಕ್‌ಗಾರ್ಡಿನ ಮೇಲೆ ಪ್ರಯೋಗಿಸಿ. ಹೆಸರು ಕೊರೆಯಿರಿ. ಹೃದಯ ಕೊರೆಯಿರಿ, ಬಾಣ ಎಷ್ಟು ಬೇಕೋ ಅಷ್ಟು. ಕೆರೆತ ತಿನ್ನಲೆಂದೇ ಅಂಟಿಸಿರುವ ವಸ್ತು ಅದು, ತಕರಾರು ಮಾಡುವುದಿಲ್ಲ. ಇನ್ನೊಂದು ಅನುಕೂಲವಿದೆ, ಹಿರಿಯನಾಗಿ ಹೇಳುತ್ತೇನೆ, ಬೇಸರಪಡಬೇಡಿ. ಬಂಡೆಯ ಮೇಲಿನ ಆ ಇನ್ನೊಂದು ಮೊದಲಕ್ಷರ ಕಾಲಾನಂತರದಲ್ಲಿ ಬದಲಾಗಬಹುದು. ಪಿಕ್‌ಗಾರ್ಡಿನ ಮೇಲಿದ್ದರೆ 1500ರ ವಾಟರ್ ಪೇಪರ್ ತಂದು ಒಂದು ಭಾನುವಾರ ಕೂತು ತಿದ್ದಿಕೊಳ್ಳಬಹುದು. ಬಂಡೆಯ ಮೇಲಿರುವುದನ್ನು ಮದುವೆಯಾದ ಮೇಲೆ ಹೆಂಡತಿ ಮಕ್ಕಳೊಂದಿಗೆ ವಾಯುವಿಹಾರಕ್ಕೆ ಬಂದಾಗ ವಿವರಿಸಬೇಕಾಗುತ್ತದೆ.

ಗ್ಯಾರೇಜಿನಿಂದ ಕಾಂಪೌಂಡು ತಂದುಕೊಡುವ ಜವಾಬ್ದಾರಿ ನನ್ನದು. ಮೆತ್ತನೆ ಬಟ್ಟೆಯೂ ಇದೆ. ಸಂಜೆ ಐದೂವರೆಗೆ ದಂಡೆಯ ಮೇಲೆ ಇರುತ್ತೇನೆ. ಬರುವಾಗ ಚಾಣ ತನ್ನಿ, ನನ್ನ ಹತ್ತಿರ ಬಿಟ್ಟುಹೋಗಲಿಕ್ಕೆ.

ಇಂತಿ ತಮ್ಮ ವಿಶ್ವಾಸಿ,
ಫಿಟ್ಟಿಂಗ್ ಮೇಷ್ಟ್ರು (ನಿವೃತ್ತ)

ಮರೆತಿದ್ದೆ: ಹೊಸ ಪಿಕ್‌ಗಾರ್ಡುಗಳ ಮೇಲೆ ಕಾರ್ಖಾನೆಯವರು ತೆಳ್ಳನೆಯ ಪಾರದರ್ಶಕ ಹಾಳೆಯೊಂದನ್ನು ಅಂಟಿಸಿರುತ್ತಾರೆ, ಸಾಗಣೆಯಲ್ಲಿ ಗೀರು ಬೀಳದಿರಲೆಂದು. ಅದನ್ನು ಕಿತ್ತು ಬಿಸಾಡಬೇಕು. ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ, ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಮೊನ್ನೆ ತಮ್ಮ ಗಿಟಾರ್ ಕಲ್ಲುಬೆಂಚಿಗೆ ಒರಗಿದ್ದಾಗ ಹತ್ತಿರದಿಂದ ನೋಡಿದೆ. ಕೆಳಗಿನ ಅಂಚಿನಲ್ಲಿ ಗಾಳಿಗುಳ್ಳೆ ಎದ್ದಿತ್ತು. ಬೇರೇನೂ ಮಾಡುವ ಮೊದಲು ಆ ಮೂಲೆಗೆ ಉಗುರು ಹಾಕಿ ಮೆಲ್ಲಗೆ ಎಬ್ಬಿಸಿ ನೋಡಿ.